ಬದಲಿ ಬಟ್ಟೆ

ಕಾರಿನ ಡಿಕ್ಕಿಯಲ್ಲಿ ಸದಾ ಒಂದು ಚೀಲ:
ಬೂದು ಪ್ಯಾಂಟು ಮೂರು ಅಳತೆಯಲ್ಲಿ,
ಟೀ ಶರ್ಟು, ಒಳಉಡುಪು, ದಪ್ಪ ಕಾಲುಚೀಲ.
ಲೇಬಲ್ ಕಿತ್ತು, ಒಮ್ಮೆ ಒಗೆದು ಮಡಿಸಿಟ್ಟದ್ದು,
ಅಂಗಡಿಯ ವಾಸನೆ ಹೋಗಲಿ ಅಂತ.

ಹಗಲು ನಾನು ಪಾರ್ಕಿಂಗ್ ಆಫೀಸಿನ ಹೆಂಗಸು.
ದಂಡ ಕಟ್ಟಿಸಿಕೊಳ್ಳುತ್ತೇನೆ, ಹುಡುಗರಿಂದ ಬೈಸಿಕೊಳ್ಳುತ್ತೇನೆ.
ಮಂಗಳವಾರ, ಶನಿವಾರ ರಾತ್ರಿ
ದಿಂಬಿನ ಪಕ್ಕ ಇನ್ನೊಂದು ಫೋನು.
ಇದು ಏಥೆನ್ಸ್. ಗ್ರೀಸಿನದಲ್ಲ, ಒಹಾಯೊದ್ದು.
ಇಟ್ಟಿಗೆ ಹಾಸಿದ ಬೀದಿ, ಬೀದಿ ತುಂಬ ಬಾರು,
ಸುತ್ತ ಗುಡ್ಡ.

ಎರಡೂ ಹತ್ತಕ್ಕೆ ಹೊಡೆದುಕೊಂಡಿತು.
ಹೆಸರು ಹೇಳುವಂತಿಲ್ಲ.
ಕಾಲಿನ ಅಳತೆ ಏಳೂವರೆ, ಅಷ್ಟು ಹೇಳಬಹುದು.
ಒಂದು ಶೂ ಅವನ ಕೋಣೆಯಲ್ಲೇ ಉಳಿದಿತ್ತು.

ಆ ಪರೀಕ್ಷೆ ಬಲ್ಲ ನಮ್ಮೂರ ನರ್ಸು
ಆ ವಾರ ರಜೆ. ಕೊಲಂಬಸ್‌ಗೇ ಹೋಗಬೇಕು,
ಎಪ್ಪತ್ತೈದು ಮೈಲಿ.
ಹೆದ್ದಾರಿ ಸೇರುವ ಮೊದಲೇ ಕೇಳಿದಳು:
ನೀರಿದೆಯಾ?

ಇತ್ತು. ಕೈಯಳತೆಯಲ್ಲೇ, ಮುಚ್ಚಳ ತೆಗೆಯದ ಬಾಟಲು.
ಬಾಗಿಲಿಗೆ ಬಂದವರಿಗೆ ಮೊದಲು ನೀರು, ಮಾತೆಲ್ಲ ಆಮೇಲೆ,
ಅಂತ ಬಳ್ಳಾರಿಯ ಬಿಸಿಲಲ್ಲಿ ಕಲಿತವಳು ನಾನು.
ಜಗಳಕ್ಕೆ ಬಂದವನಿಗೂ ಕೊಟ್ಟು, ಆಮೇಲೆ ಜಗಳ.
ಈಗ ಹೇಳಬೇಕು:
ಕುಡಿಯಬಹುದು. ಕುಡಿದರೆ ಬಾಯಲ್ಲಿರುವ ಸಾಕ್ಷಿ
ತೊಳೆದುಹೋಗಬಹುದು. ನಿನ್ನಿಷ್ಟ. ಹೇಗಾದರೂ ಸರಿ.
ನಿನ್ನಿಷ್ಟ ಅನ್ನುವ ಮಾತು
ಆ ರಾತ್ರಿ ಅವಳ ಕಿವಿಗೆ ಬಿದ್ದದ್ದು ಆಗಲೇ ಇರಬೇಕು.
ನನ್ನ ಮುಖವನ್ನೇ ನೋಡಿದಳು.
ಬಾಟಲು ತೊಡೆಯ ಮೇಲಿಟ್ಟುಕೊಂಡಳು. ಕುಡಿಯಲಿಲ್ಲ.

ನನ್ನ ಭಾಷೆಯಲ್ಲಿ ಇದಕ್ಕಿರುವ ಪದಗಳನ್ನು
ಸ್ಟೀರಿಂಗ್ ಹಿಡಿದೇ ಒಂದೊಂದಾಗಿ ತಿರುವಿ ನೋಡಿದೆ.
ಮಾನಭಂಗ. ಯಾರ ಮಾನ?
ಕೆಟ್ಟಳು. ಕೆಟ್ಟವನು ಅವನಲ್ಲವೇ?
ಮುಳ್ಳು ಸೀರೆಯ ಮೇಲೆ ಬಿದ್ದರೂ
ಸೀರೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಸೀರೆಯೇ,
ಅನ್ನುತ್ತಿದ್ದಳು ಅಜ್ಜಿ, ನಮ್ಮನ್ನು ಕಾಯಲೆಂದೇ.
ಮುಳ್ಳಿಗೊಂದು ಹೆಸರಿರುತ್ತದೆ, ಕೋಣೆ ನಂಬರಿರುತ್ತದೆ,
ಅರ್ಥಶಾಸ್ತ್ರ, ಎರಡನೇ ವರ್ಷ,
ಬರೆದುಕೊಳ್ಳಬಹುದು
ಅಂತ ಅಜ್ಜಿಗೆ ಯಾರೂ ಹೇಳಿರಲಿಲ್ಲ.

ನರ್ಸ್ ಡೋರೀನ್ ಬಾಯಿಯ ಕಡ್ಡಿ ಮೊದಲು ಮುಗಿಸಿದಳು.
ಈಗ ಕುಡಿ, ಅಂದಳು.
ಒಂದೇ ಉಸಿರಿಗೆ ಬಾಟಲು ಖಾಲಿ.

ಆಮೇಲೆ ನೆಲಕ್ಕೆ ಕಾಗದ ಹಾಸಿ, ಅದರ ಮೇಲೆ ನಿಲ್ಲಿಸಿ,
ಕಳಚಿದ್ದನ್ನೆಲ್ಲ ಕಾಗದದ ಚೀಲಗಳಿಗೆ.
ಪ್ಲಾಸ್ಟಿಕ್ ಆಗದು, ಬೆವರುತ್ತದೆ.
ಈ ಸ್ವೆಟರ್ ನಮ್ಮಜ್ಜಿ ಹೆಣೆದದ್ದು, ವಾಪಸು ಯಾವಾಗ?
ಡೋರೀನ್ ಸುಳ್ಳು ಹೇಳಲಿಲ್ಲ. ಗೊತ್ತಿಲ್ಲ ಮಗಳೇ.
ನಾಲ್ಕು ಗಂಟೆ. ಪ್ರತಿ ಹತ್ತಿಕಡ್ಡಿಗೂ ಕೇಳಿದಳು:
ಇದು ಮಾಡಲಾ? ನಿಲ್ಲಿಸಲಾ?

ನನ್ನ ಕೆಲಸ ಅವಳ ತಲೆಯ ಬಳಿ ಕುರ್ಚಿ ಹಾಕಿ ಕೂರುವುದು.
ಯಾಕೆ ಹೋದೆ, ಎಷ್ಟು ಕುಡಿದೆ
ಎಂದು ಕೇಳದಿರುವುದು.
ಅವಳು ನಾಯಿಯ ಬಗ್ಗೆ ಹೇಳಿದಳು, ಬಹಳ ಹೊತ್ತು.
ಒಂದು ಕಣ್ಣು ಕಾಣದಂತೆ ಅದಕ್ಕೆ,
ಮೆಟ್ಟಿಲು ಇಳಿಯುವಾಗ ಎಣಿಸಿ ಇಳಿಯುತ್ತದಂತೆ.

ನನ್ನ ಪ್ಯಾಂಟು ಉದ್ದವಾಯಿತು.
ಬಗ್ಗಿ ಎರಡು ಸುತ್ತು ಮಡಚಿಕೊಂಡಳು.

ಏಳು ತಿಂಗಳಿಗೆ ವಿಶ್ವವಿದ್ಯಾಲಯದ ವಿಚಾರಣೆ.
ಮಾರನೆಯ ದಿನ ನೀನು ತರಗತಿಗೆ ಹೋಗಿದ್ದೆ, ಅಲ್ಲವೇ?
ಅವನ ವಕೀಲನ ದನಿ ಬಲು ಮೃದು.
ಹೋಗಿದ್ದೆ, ಅಂದಳು. ಪರೀಕ್ಷೆ ಇತ್ತು.
ನಾನು ಬಾಯಿ ತೆರೆಯುವಂತಿರಲಿಲ್ಲ.
ನೀರಿನ ಲೋಟ ಅವಳತ್ತ ಸರಿಸಿದೆ,
ನಿಯಮದಲ್ಲಿ ಅದಕ್ಕೇನೂ ಅಡ್ಡಿಯಿರಲಿಲ್ಲ.
ತೀರ್ಪು ಇನ್ನೂ ಬಂದಿಲ್ಲ.

ನಿನ್ನೆ ಮತ್ತೆ ಅಂಗಡಿ. ಪ್ಯಾಂಟು, ಮೂರು ಅಳತೆ.
ಮನೆ ತುಂಬ ಮಕ್ಕಳಾ, ಕೌಂಟರಿನ ಹುಡುಗ ಕೇಳಿದ.
ಹೂಂ, ಅಂದೆ.
ಈ ಸಲ ಚಪ್ಪಲಿಯೂ ತಂದಿದ್ದೇನೆ, ಒಂದು ಜೊತೆ.
ಇಷ್ಟು ವರ್ಷ ಹೊಳೆದೇ ಇರಲಿಲ್ಲ.